ಕಾಂದೆಲಾರಿಯಾ ಬದುಕಿದ್ದಾಳೆ ಎಂಬುದಕ್ಕೆ ಸಾಕ್ಷಿ

ನಮ್ಮ ಊರು ಲಾ ಲಾಹಾದಲ್ಲಿ ನಾನೂರ ಹನ್ನೆರಡು ಜನ ಹುಟ್ಟಿಯೇ ಇರಲಿಲ್ಲ. ಹಾಗೆ ಹೇಳುತ್ತಿದ್ದುದು ಸರ್ಕಾರ. ನಾವು ಉಣ್ಣುತ್ತಿದ್ದೆವು, ಜಗಳವಾಡುತ್ತಿದ್ದೆವು, ಮಕ್ಕಳನ್ನು ಹೆರುತ್ತಿದ್ದೆವು. ಆದರೆ ನಮ್ಮ ದೇಶದ ಒಳಯುದ್ಧದ ಎರಡನೆಯ ವರ್ಷ ಪಟ್ಟಣದ ಪುರಸಭೆಗೆ ಬೆಂಕಿ ಬಿದ್ದು ಜನನದ ಪುಸ್ತಕಗಳೆಲ್ಲ ಬೂದಿಯಾಗಿದ್ದವು. ಹುಟ್ಟಿದ್ದಕ್ಕೆ ಕಾಗದವಿಲ್ಲದವನಿಗೆ ವೋಟಿನ ಕಾರ್ಡು ಎಲ್ಲಿಂದ ಬರಬೇಕು?

ದೊಡ್ಡವರು ಮೆಹಿಕೊದಲ್ಲಿ ಕುಳಿತು ಶಾಂತಿ ಒಪ್ಪಂದಕ್ಕೆ ಸಹಿ ಹಾಕಿ, ಬಂದೂಕುಗಳು ಕೆಳಗಿಳಿದು ಎರಡು ವರ್ಷವಾಗುತ್ತ ಬಂದಿತ್ತು. ಬರುವ ಮಾರ್ಚಿನಲ್ಲಿ ಚುನಾವಣೆ. ಹನ್ನೆರಡು ವರ್ಷ ಒಬ್ಬರ ಮೇಲೊಬ್ಬರು ಗುಂಡು ಹಾರಿಸಿದ ಎರಡು ಕಡೆಯವರೂ ಮೊದಲ ಸಲ ಒಂದೇ ಮತಪತ್ರದಲ್ಲಿ ಪಕ್ಕಪಕ್ಕ ಅಚ್ಚಾಗುವವರಿದ್ದರು. ಹೊಂಡುರಾಸಿನ ಶಿಬಿರದಲ್ಲಿ ಏಳು ವರ್ಷ ಬಿದ್ದಿದ್ದು ಮರಳಿದ ನಮ್ಮಂಥವರಿಗೆ ಆ ಒಂದು ಗೀಟು ಎಳೆಯುವುದು ಎಂದರೆ ಏನು ಎಂದು ನಾನು ಬಿಡಿಸಿ ಹೇಳುವುದಿಲ್ಲ. ಆದರೆ ದೇವರು ವರ ಕೊಟ್ಟರೂ ಪೂಜಾರಿ ಕೊಡ. ಜಿಲ್ಲಾ ಕಚೇರಿಯ ಕಿಟಕಿಯಲ್ಲಿ ಕುಳಿತವನದು ಒಂದೇ ರಾಗ: ಜನನಪತ್ರ ಎಲ್ಲಿ?

ಆ ನಾನೂರ ಹನ್ನೆರಡು ಜನರನ್ನು ಎರಡನೆಯ ಸಲ ಹುಟ್ಟಿಸಿದವಳು ನಮ್ಮ ಸೂಲಗಿತ್ತಿ ನಿನ್ಯಾ ಕಾಂದೆಲಾರಿಯಾ ಅಲ್ವಾರೆಂಗಾ. ವಯಸ್ಸಾದ ಹೆಂಗಸನ್ನು ನಮ್ಮಲ್ಲಿ ನಿನ್ಯಾ ಎಂದೇ ಕರೆಯುವುದು, ಹೆಸರಿನ ಹಿಂದೆ ಅದಿಲ್ಲದಿದ್ದರೆ ಬೆನ್ನಿಗೆ ಏಟು ಬೀಳುತ್ತದೆ. ಕುಳ್ಳಗೆ, ದಪ್ಪಗೆ, ಬಾಯಲ್ಲಿ ಸದಾ ಒಂದು ಮೋಟು ಸುರುಟು. ಲಂಗದ ಮೇಲೆ ಕಟ್ಟಿದ ಮುಂಗಟ್ಟಿನ ಒಂದು ಜೇಬಿನಲ್ಲಿ ಕತ್ತರಿ, ಇನ್ನೊಂದರಲ್ಲಿ ಬೆಂಕಿಪೊಟ್ಟಣ. ಓದು ಬರಹ ಇಲ್ಲ. ಹೆರಿಗೆ ಮಾಡಿಸುವಾಗ ಬೈಗುಳ ಜಾಸ್ತಿ, ಸಮಾಧಾನ ಕಡಿಮೆ. ನನ್ನ ಅಮ್ಮ ಹೇಳುತ್ತಿದ್ದಳು, ಅವಳ ಬೈಗುಳಕ್ಕೆ ಹೆದರಿಯೇ ಅರ್ಧ ಮಕ್ಕಳು ಹೊರಗೆ ಬಂದವು ಎಂದು. ನನ್ನನ್ನೂ ಹಿಡಿದವಳು ಅವಳೇ.

ನಾನು ಸಾಂತೊಸ್, ಊರಿಗೆ ಒಬ್ಬಳೇ ಟೈಪಿಸ್ಟು. ಶಿಬಿರದಲ್ಲಿ ಕಲಿತ ಒಂದೇ ಒಳ್ಳೆಯ ವಿದ್ಯೆ ಅದು. ಹಾಗಾಗಿ ಈ ಕಥೆಯ ಅಕ್ಷರ ಅಕ್ಷರವೂ ನನ್ನ ಬೆರಳಿನಿಂದ ಹಾದುಹೋಗಿದೆ, ಯಾರೂ ನನಗೆ ಬೇರೆ ಥರ ಹೇಳಲು ಬರಬೇಡಿ.

ನಮ್ಮ ಕಣಿವೆಗೆ ವಿಶ್ವಸಂಸ್ಥೆಯಿಂದ ಬಂದವಳು ಗ್ರಾಸಿಯೆಲಾ ಎಂಬ ವಕೀಲೆ. ಉರುಗ್ವೆಯವಳು, ಉದ್ದನೆಯ ಮೂಗು, ಬಿಳಿ ಜೀಪು, ನೀಲಿ ಟೋಪಿ. ಎಲ್ಲರೂ ವಕೀಲಮ್ಮ ಎಂದರು. ಯಾವಾಗಲೂ ಒಂದು ಸಣ್ಣ ಸೋರೆಬುರುಡೆಯಿಂದ ಕಹಿ ಸೊಪ್ಪಿನ ನೀರನ್ನು ಕೊಳವೆಯಲ್ಲಿ ಹೀರುತ್ತಿದ್ದಳು. ಅವಳಿಗೆ ಹೊಟ್ಟೆ ಸರಿಯಿಲ್ಲ ಎಂದುಕೊಂಡು ಊರಿನ ಹೆಂಗಸರು ಒಂದು ತಿಂಗಳು ಅವಳಿಗೆ ಹುರುಳಿ ತುಂಬಿದ ಪುಪುಸಾ ರೊಟ್ಟಿ ಕೊಡಲೇ ಇಲ್ಲ, ಬರೀ ಅಕ್ಕಿಗಂಜಿ ಕೊಟ್ಟರು. ಪಾಪ, ಅವಳೂ ಕುಡಿದಳು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವುದೇ ಅವಳ ವೃತ್ತಿ.

ಕಚೇರಿಯವರ ಜೊತೆ ಮಾತಾಡಿ ಮಾತಾಡಿ ಅವಳು ಒಂದು ದಾರಿ ತೆಗೆದಳು. ಹುಟ್ಟಿದ್ದನ್ನು ಕಣ್ಣಾರೆ ಕಂಡ ಹಿರಿಯರೊಬ್ಬರು ಪ್ರಮಾಣ ಮಾಡಿ ಹೇಳಿಕೆ ಕೊಟ್ಟರೆ ಹೊಸ ಜನನಪತ್ರ ಮಾಡಬಹುದು. ಒಂದೇ ಷರತ್ತು: ಸಾಕ್ಷಿ ಹೇಳುವವರ ಹತ್ತಿರ ಅವರದೇ ಜನನಪತ್ರ ಇರಬೇಕು.

ಅದು ಇಡೀ ಊರಿನಲ್ಲಿ ಒಬ್ಬಳ ಹತ್ತಿರ ಮಾತ್ರ ಇತ್ತು. ನಿನ್ಯಾ ಕಾಂದೆ ತನ್ನ ಚೀಟಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಸೊಂಟಕ್ಕೆ ಕಟ್ಟಿಕೊಂಡು ಗಡಿ ದಾಟಿದ್ದಳು, ಹಾಗೆಯೇ ಕಟ್ಟಿಕೊಂಡು ವಾಪಸು ಬಂದಿದ್ದಳು. ಕಾಂದೆಲಾರಿಯಾ, 1923ರ ಫೆಬ್ರವರಿ ಎರಡು, ತಂದೆ ಪಿಯೊ, ತಾಯಿ ಉರ್ಸುಲಾ. ಅವಳಿಗೆ ಅದನ್ನು ಓದಲು ಬಾರದು. ಆದರೂ ಸಾಕ್ಷಿ ಹೇಳಲು ಬಂದ ಮೊದಲ ದಿನ ಅದನ್ನು ಮೇಜಿನ ಮೇಲೆ ಬಿಡಿಸಿಟ್ಟ ಠೀವಿ ನೋಡಬೇಕಿತ್ತು, ಮೆಹಿಕೊದ ಒಪ್ಪಂದವೇ ಅವಳ ಸೊಂಟದಲ್ಲಿತ್ತು ಎನ್ನಬೇಕು.

ವಕೀಲಮ್ಮನಿಗೆ ನಂಬಿಕೆ ಬರಲಿಲ್ಲ. ಎದುರಿಗೆ ನಿಂತ ಗಂಡಸನ್ನು ತೋರಿಸಿ ಕೇಳಿದಳು: "ಅಮ್ಮ, ಇವರು ಯಾವ ತಾರೀಕು ಹುಟ್ಟಿದ್ದು ಅಂತ ಹೇಗೆ ನೆನಪಿಟ್ಕೊಂಡಿದ್ದೀರಿ?"

"ನೆನಪಿಟ್ಕೊಳ್ಳೋದು ಏನಿದೆ? ಹೆಸರು ಹೇಳಿಲ್ವಾ ಅವನು?"

"ತೆಲೆಸ್ಫೊರೊ ಅಂದ್ರು."

"ಮತ್ತೆ? ಜನವರಿ ಐದು. ಆ ದಿನದ ಸಂತನ ಹೆಸರು ಅದು. ಇಲ್ದೇ ಹೋದ್ರೆ ಯಾವ ತಾಯಿ ಹೆತ್ತ ಮಗನಿಗೆ ಅಂಥ ಹೆಸರಿಡ್ತಾಳೆ?"

ತೆಲೆಸ್ಫೊರೊ ತಲೆ ತಗ್ಗಿಸಿದ. ನಲವತ್ತು ವರ್ಷದಿಂದ ಆ ಹೆಸರು ಹೊತ್ತವನಿಗೆ ಅಂದು ಮೊದಲ ಸಲ ಅದರಿಂದ ಉಪಯೋಗವಾಯಿತು. ನಮ್ಮಲ್ಲಿ ಒಲೆಯ ಪಕ್ಕದ ಗೋಡೆಯಲ್ಲಿ ಪಂಚಾಂಗ ತೂಗುಹಾಕಿರುತ್ತದೆ. ಮಗು ಯಾವ ದಿನ ಬಿತ್ತೋ ಆ ದಿನದ ಸಂತನ ಹೆಸರು, ಚೆಂದವಿರಲಿ ಬಿಡಲಿ. ನಿನ್ಯಾ ಕಾಂದೆಯದು ಫೆಬ್ರವರಿ ಎರಡರ ಕಾಂದೆಲಾರಿಯಾ ಹಬ್ಬದ ಹೆಸರು. ನಾನು ಸರ್ವಸಂತರ ಹಬ್ಬದ ದಿನ ಹುಟ್ಟಿದೆ, ಸಾಂತೊಸ್ ಎಂದರೆ ಸಂತರು, ಬದುಕಿಕೊಂಡೆ. ವರ್ಷ ಬೇಕೆಂದರೆ ನಿನ್ಯಾ ಕಾಂದೆ ಸುರುಟು ಒಂದು ಸಲ ಎಳೆದು ಹೇಳುತ್ತಿದ್ದಳು: ಮಿಡತೆ ಬಂದ ವರ್ಷ, ತೂಗುಸೇತುವೆಯ ಹಗ್ಗ ಕಿತ್ತ ವರ್ಷ, ಹೊಂಡುರಾಸಿನ ಜೊತೆ ನೂರು ಗಂಟೆ ಹೊಡೆದಾಡಿದ ವರ್ಷ. ವಕೀಲಮ್ಮ ಇಪ್ಪತ್ತು ಜನರ ಹಳೆಯ ದೀಕ್ಷಾಸ್ನಾನದ ಚೀಟಿಗಳನ್ನು ಎಲ್ಲೆಲ್ಲಿಂದಲೋ ಹುಡುಕಿಸಿ ತಾಳೆ ನೋಡಿದಳು. ಇಪ್ಪತ್ತಕ್ಕೆ ಇಪ್ಪತ್ತೂ ಸರಿ. ಅವತ್ತಿನಿಂದ ಅವಳು ನಿನ್ಯಾ ಕಾಂದೆ ಒಳಗೆ ಬಂದರೆ ಎದ್ದು ನಿಲ್ಲುತ್ತಿದ್ದಳು.

ಏಳು ವಾರ ಬರೆದೆವು. ಪ್ರತಿ ಹೇಳಿಕೆಯಲ್ಲೂ ಕಾನೂನಿನ ಒಂದು ಪ್ರಶ್ನೆ ಇತ್ತು: ಅರ್ಜಿದಾರರೊಂದಿಗೆ ಸಾಕ್ಷಿಗೆ ವಿಶೇಷ ಸ್ನೇಹವಾಗಲಿ ವೈರವಾಗಲಿ ಇದೆಯೇ? ಮೊದಲ ದಿನ ನಾನದನ್ನು ಕೇಳಿದೆ. "ನನ್ನ ಕೋಳಿ ಕದ್ದೋರ ಪಟ್ಟಿ ಹೇಳ್ಲಾ?" ಎಂದಳು. ಆಮೇಲೆ ಕೇಳುವುದನ್ನೇ ಬಿಟ್ಟು, "ಎರಡೂ ಇಲ್ಲ" ಎಂದು ನಾನೇ ಬಡಿಯತೊಡಗಿದೆ. ನಾನೂರ ಹನ್ನೆರಡು ಸಲ ಎರಡೂ ಇಲ್ಲ. ಕೆಳಗೆ ಅವಳ ಹೆಬ್ಬೆಟ್ಟು. ಕೊನೆಯಲ್ಲಿ ಶಾಯಿ ಅವಳ ಉಗುರಿನಿಂದ ಹೋಗದೆ, ತೊರ್ತಿಯಾ ರೊಟ್ಟಿ ತಟ್ಟಿದರೆ ಒಂದೊಂದರ ಮೇಲೂ ನೀಲಿ ಗುರುತು ಇರುತ್ತಿತ್ತು.

ನೋಂದಣಿ ಮುಗಿಯಲು ಒಂಬತ್ತು ದಿನ ಇರುವಾಗ ಜಿಲ್ಲಾ ಕಚೇರಿಯಿಂದ ಟೈ ಕಟ್ಟಿದ ಗುಮಾಸ್ತನೊಬ್ಬ ಫೈಲು ಹಿಡಿದು ಬಂದ. ಶಾಲೆಯ ಜಗಲಿಯಲ್ಲಿ ಎಲ್ಲರ ಮುಂದೆ ಓದಿದ. ರಾಜಧಾನಿಯಲ್ಲಿ ಉಳಿದಿರುವ ಹಳೆಯ ಮರಣ ಪುಸ್ತಕದ ಪ್ರತಿಗಳನ್ನು ಪರಿಶೀಲಿಸಲಾಗಿ, ಪಿಯೊ ಮತ್ತು ಉರ್ಸುಲಾರ ಮಗಳಾದ ಕಾಂದೆಲಾರಿಯಾ ಅಲ್ವಾರೆಂಗಾ ಎಂಬವಳು 1926ರಲ್ಲಿ, ಮೂರು ವರ್ಷದವಳಿದ್ದಾಗ, ಜ್ವರದಿಂದ ತೀರಿಕೊಂಡಿರುತ್ತಾಳೆ. ಸತ್ತವರ ಸಾಕ್ಷಿ ಊರ್ಜಿತವಲ್ಲ. ಆದ್ದರಿಂದ ನಾನೂರ ಹನ್ನೆರಡು ಅರ್ಜಿಗಳನ್ನೂ ತಡೆಹಿಡಿಯಲಾಗಿದೆ.

ನಿನ್ಯಾ ಕಾಂದೆ ಮೊದಲು ನಕ್ಕಳು. "ನಾನು ಸತ್ತಿದ್ರೆ ನಿಮ್ಮಪ್ಪನ್ನ ಯಾರು ಹಿಡಿದ್ರು?" ಎಂದಳು. ಆಮೇಲೆ ನಗು ನಿಂತಿತು. ಸುರುಟು ಕೈಗೆ ತೆಗೆದುಕೊಂಡು ಮೆಲ್ಲಗೆ ಹೇಳಿದಳು: "ನಮ್ಮಮ್ಮ ಸಿಟ್ಟು ಬಂದಾಗ ಅಂತಿದ್ಳು. ನೀನು ಎರಡನೇಳು, ಮೊದಲ್ನೇಳು ಇಷ್ಟು ಹಟಮಾರಿ ಆಗಿರ್ಲಿಲ್ಲ ಅಂತ."

ಜಗಲಿಯಲ್ಲಿದ್ದ ನಮಗೆಲ್ಲ ತಕ್ಷಣ ಅರ್ಥವಾಯಿತು, ಏಕೆಂದರೆ ನಮ್ಮ ಅಜ್ಜಂದಿರೆಲ್ಲ ಮಾಡಿದ್ದು ಅದನ್ನೇ. ಒಂದು ಮಗು ಸತ್ತರೆ ಅದರ ಹೆಸರನ್ನು ಮುಂದಿನದಕ್ಕೆ ಇಡುತ್ತಾರೆ. ಹೆಸರೂ ಅದೇ, ಚೀಟಿಯೂ ಮನೆಯಲ್ಲಿದೆ, ಮತ್ತೆ ಪಟ್ಟಣದ ತನಕ ಇಡೀ ದಿನ ಯಾಕೆ ನಡೆಯಬೇಕು? ಅವಳಪ್ಪನೂ ನಡೆಯಲಿಲ್ಲ. ಅರವತ್ತು ವರ್ಷ ಪೆಟ್ಟಿಗೆಯಲ್ಲಿ, ಏಳು ವರ್ಷ ಸೊಂಟದಲ್ಲಿ ಅವಳು ಕಾಪಾಡಿಕೊಂಡು ಬಂದದ್ದು ಸತ್ತ ಅಕ್ಕನ ಜನನಪತ್ರ.

ಗುಮಾಸ್ತ ಫೈಲು ಮುಚ್ಚುತ್ತ, "ಎಲ್ಲರ ಹೆಸರಲ್ಲೂ ತಾರೀಕು ಕಾಣೋ ಅಮ್ಮನಿಗೆ ತಂದೇ ಕಾಣ್ಲಿಲ್ವಾ?" ಎಂದ. ನನಗೆ ಟೈಪ್‌ರೈಟರ್ ಎತ್ತಿ ಅವನ ತಲೆಗೆ ಹಾಕುವಷ್ಟು ಸಿಟ್ಟು ಬಂತು. ಊರಿಗೆ ಒಂದೇ ಯಂತ್ರ ಇತ್ತು, ಅದಕ್ಕೇ ಬಿಟ್ಟೆ.

ಅವನು ಹೋದ ಮೇಲೆ ವಕೀಲಮ್ಮ ಅವಳ ಪಕ್ಕ ಕುಳಿತಳು. "ಇಬ್ಬರು ಕಾಂದೆಲಾರಿಯಾ ಇದ್ರು, ಒಬ್ಬಳು ಸತ್ತಳು, ಆಮೇಲೆ ನೀವು ಹುಟ್ಟಿದ್ರಿ. ಇದನ್ನ ಕಣ್ಣಲ್ಲಿ ಕಂಡೋರು ಯಾರಾದ್ರೂ ಇದ್ದಾರಾ ಅಮ್ಮ? ನಿಮಗಿಂತ ಹಿರಿಯರು?"

ನಿನ್ಯಾ ಕಾಂದೆಗಿಂತ ಹಿರಿಯರೆಲ್ಲ ಗಡಿಯಾಚೆ ಶಿಬಿರದ ಮಣ್ಣಿನಲ್ಲಿದ್ದರು. ಒಬ್ಬನ ಹೊರತು. ಆ ಒಬ್ಬನ ಹೆಸರು ಎಲ್ಲರ ನಾಲಿಗೆಯ ತುದಿಯಲ್ಲಿತ್ತು, ಯಾರೂ ಹೇಳಲಿಲ್ಲ. ಕೊನೆಗೆ ನಾನೇ ಹೇಳಿದೆ: "ಹೊಳೆಯಾಚೆ ಪೊರ್ತಿಯೊದಲ್ಲಿ ದೋನ್ ಬ್ರೌಲಿಯೊ ಇದ್ದಾನೆ. ಎಪ್ಪತ್ತೆಂಟು ವರ್ಷ. ಅವನ ಬಾಯಿಂದ ನಿಜ ಬರೋದಕ್ಕಿಂತ ಕಲ್ಲಿಂದ ಹಾಲು ಬರೋದು ಸುಲಭ."

ಎಂಬತ್ತನೆಯ ಇಸವಿಯಲ್ಲಿ ಪೊರ್ತಿಯೊದ ಗಂಡಸರ ಕಾವಲು ಪಡೆಗೆ ಅವನೇ ಮುಂದಾಳು. ಸೈನ್ಯದ ಜೊತೆ ಸೇರಿ, ತೂಗುಸೇತುವೆ ದಾಟಿ ಬಂದು, ನಮ್ಮ ಊರಿನ ಮನೆಗಳಿಗೆ ಬೆಂಕಿ ಇಟ್ಟರು. ಆಗ ನನಗೆ ಹದಿನೈದು ವರ್ಷ. ನಮ್ಮ ಮನೆಯ ಜೋಳದ ಕಣಜ ಎರಡು ದಿನ ಉರಿಯಿತು ಎಂದು ಆಮೇಲೆ ಕೇಳಿದೆ, ನೋಡಲು ನಾವು ನಿಲ್ಲಲಿಲ್ಲ. ಮರಳಿ ಬಂದು ಆರು ವರ್ಷವಾದರೂ ಎರಡು ಊರುಗಳ ನಡುವೆ ಆ ಸೇತುವೆಯ ಮೇಲೆ ಆಡುಗಳು ಓಡಾಡುತ್ತಿದ್ದವೇ ಹೊರತು ಮನುಷ್ಯರಲ್ಲ.

ವಕೀಲಮ್ಮ ಸೋರೆಬುರುಡೆ ಹಿಡಿದು ಮರುದಿನವೇ ಕೆಳಗೆ ನೀರು ಕಡಿಮೆ ಇರುವಲ್ಲಿ ಹೊಳೆ ದಾಟಿ ಪೊರ್ತಿಯೊದ ಬೆಟ್ಟ ಹತ್ತಿದಳು. ಸಂಜೆ ಬಂದು ಹೇಳಿದಳು: "ಅವರು ಇಲ್ಲ ಅನ್ನಲಿಲ್ಲ. ಆದರೆ ಕಾಂದೆಲಾರಿಯಾ ಬಂದು ಬಾಯ್ಬಿಟ್ಟು ಕೇಳ್ಬೇಕಂತೆ."

"ನಿಜ ಹೇಳೋಕೆ ಅವನಿಗೆ ಅರ್ಜಿ ಹಾಕ್ಬೇಕಾ?" ಎಂದಳು ನಿನ್ಯಾ ಕಾಂದೆ. "ಬಂದು ಹೇಳ್ಲಿ. ದಾರಿ ಗೊತ್ತು ಅವನಿಗೆ. ಒಂದ್ಸಲ ಬಂದಿದ್ದನಲ್ಲ."

ಮತ್ತೆ ಹತ್ತಿದಳು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ಅವನು ನಮ್ಮ ಶಾಲೆಗೆ ಬರಲು ಒಲ್ಲ, ನಮ್ಮವರು ಕಲ್ಲು ಹೊಡೆಯುತ್ತಾರಂತೆ. ನಿಜ, ಹೊಡೆಯುವವರಿದ್ದರು, ನಾನೇ ಎರಡು ಆರಿಸಿಟ್ಟಿದ್ದೆ. ಇವಳು ಅವನ ಜಗಲಿಗೆ ಒಲ್ಲಳು. ಪಟ್ಟಣದ ಚರ್ಚು ಬೇಡ, ಅಲ್ಲಿಯ ಪಾದ್ರಿ ಇವರ ಕಡೆ ಎಂದು ಅವನು. ಸೈನಿಕರ ಹಳೆಯ ಠಾಣೆ ಬೇಡ ಎಂದು ಇವಳು. ಆರು ದಿನ ಹೀಗೆ ಹೋಯಿತು. ಉಳಿದದ್ದು ಮೂರು.

ಆ ಸಂಜೆ ನಾನು ವಕೀಲಮ್ಮನ ಮೇಲೆ ರೇಗಿದೆ. "ಆ ಮುದುಕನ ಕಾಲು ಯಾಕೆ ಹಿಡೀತೀರಾ? ಅವನು ಮಾಡಿದ್ದು ಏನು ಅಂತ ಗೊತ್ತಾ ನಿಮಗೆ?"

"ಗೊತ್ತು," ಎಂದಳು. ಅವಳ ಬೂಟು ಹರಿದು ಕಾಲ್ಬೆರಳು ಕಾಣುತ್ತಿತ್ತು. "ನನ್ನ ಕೆಲಸದಲ್ಲಿ ಬಾಗಿಲಿನ ಬೀಗದಕೈ ಯಾರ ಹತ್ರ ಇದೆಯೋ ಅವರ ಮನೆಗೆ ಹೋಗ್ಬೇಕು ಸಾಂತೊಸ್. ಅವರು ಒಳ್ಳೆಯವರಾಗಿದ್ರೆ ನನ್ನನ್ನ ಯಾರೂ ಕಳಿಸ್ತಾನೇ ಇರ್ಲಿಲ್ಲ."

ಜಾಗವನ್ನು ಕೊನೆಗೆ ಹೇಳಿದವಳು ನಿನ್ಯಾ ಕಾಂದೆಯೇ. ತೂಗುಸೇತುವೆಯ ನಡುಮಧ್ಯ. ಅದು ಅವನ ಊರೂ ಅಲ್ಲ, ನಮ್ಮದೂ ಅಲ್ಲ. ಇಬ್ಬರೂ ಒಂದೇ ಹೊತ್ತಿಗೆ ಹೆಜ್ಜೆ ಇಡಬೇಕು. ಯಾರು ಮೊದಲು ಬಂದರು ಎಂದು ಆಮೇಲೆ ಯಾರೂ ಆಡಿಕೊಳ್ಳುವಂತಿಲ್ಲ.

ನವೆಂಬರಿನ ಆ ಬೆಳಗ್ಗೆ ನಾನು ಟೈಪ್‌ರೈಟರನ್ನು ನೀರಿನ ಕೊಡದ ಹಾಗೆ ತಲೆಯ ಮೇಲೆ ಹೊತ್ತು ಸೇತುವೆಗೆ ಕಾಲಿಟ್ಟೆ. ಮುಂದೆ ನಿನ್ಯಾ ಕಾಂದೆ, ಇಸ್ತ್ರಿ ಮಾಡಿದ ಮುಂಗಟ್ಟು. ಹಿಂದೆ ವಕೀಲಮ್ಮ, ಎರಡೂ ಕೈಯಲ್ಲಿ ಹಗ್ಗ ಹಿಡಿದು, ಕಣ್ಣು ಅರ್ಧ ಮುಚ್ಚಿ. ಅವಳ ದೇಶ ಚಪ್ಪಟೆಯಂತೆ, ಇಂಥದ್ದು ಅಭ್ಯಾಸವಿಲ್ಲ. ಮೇಜು ನಿಲ್ಲುವ ಜಾಗವಲ್ಲ ಅದು. ನಡುವೆ ಹಲಗೆಯ ಮೇಲೆ ನಾಲ್ವರೂ ಕಾಲು ಮಡಚಿ ಕುಳಿತೆವು. ಯಂತ್ರ ನನ್ನ ತೊಡೆಯ ಮೇಲೆ. ಎರಡೂ ದಡದಲ್ಲಿ ಎರಡೂ ಊರು ನಿಂತಿದ್ದವು, ಕೆಮ್ಮಿದರೂ ಕೇಳುತ್ತಿತ್ತು.

ದೋನ್ ಬ್ರೌಲಿಯೊ ಇಷ್ಟು ಸಣ್ಣಗಾಗಿದ್ದಾನೆ ಎಂದು ನನಗೆ ಗೊತ್ತಿರಲಿಲ್ಲ. ಹುಲ್ಲುಟೋಪಿ ತೆಗೆದು ಮೊಣಕಾಲ ಮೇಲಿಟ್ಟುಕೊಂಡ. ಇಬ್ಬರೂ ಒಬ್ಬರನ್ನೊಬ್ಬರು ನೋಡಲಿಲ್ಲ.

ವಕೀಲಮ್ಮ ಪ್ರಮಾಣ ಮಾಡಿಸಿದಳು. ನಾನು ಹೆಸರು, ಊರು, ವಯಸ್ಸು ಬಡಿದೆ. ಆಮೇಲೆ ಆ ಪ್ರಶ್ನೆ ಬಂತು. ಏಳು ವಾರ ಕೇಳದೆ ಬಿಟ್ಟದ್ದನ್ನು ಅಂದು ಬೇಕೆಂದೇ ಗಟ್ಟಿಯಾಗಿ ಕೇಳಿದೆ, ಎರಡು ದಡಕ್ಕೂ ಕೇಳಲಿ ಎಂದು. "ಅರ್ಜಿದಾರಳ ಜೊತೆ ನಿಮಗೆ ಸ್ನೇಹ ಇದೆಯಾ, ವೈರ ಇದೆಯಾ?"

ಅವನು ನನ್ನ ಮುಖ ನೋಡಿದ. ನಾನು ಯಾರ ಮಗಳು ಎಂದು ಅವನಿಗೆ ಗೊತ್ತಾಯಿತು.

"ವೈರ ಅಂತ ಬರಿ," ಎಂದ.

ನನ್ನ ಬೆರಳು ನಿಂತಿತು. ವಕೀಲಮ್ಮನ ಕಡೆ ನೋಡಿದೆ. ಅವಳು ಹಗ್ಗ ಬಿಡದೆಯೇ ಹೇಳಿದಳು: "ಬರೀರಿ. ವೈರಿ ಪರವಾಗಿ ಸಾಕ್ಷಿ ಹೇಳಿದ್ರೆ ಅದನ್ನ ತಳ್ಳಿಹಾಕೋದು ಯಾವ ಕಚೇರಿಗೂ ಕಷ್ಟ. ಆದ್ರೆ ಕಾರಣ ಬೇಕು."

"ಕಾರಣ ನಾನೇ ಹೇಳ್ತೀನಿ," ಎಂದ ಬ್ರೌಲಿಯೊ. "ಎಂಬತ್ತನೇ ಇಸವಿ ಮೇ ತಿಂಗಳು, ನಾನು ಇಪ್ಪತ್ತಾರು ಜನರನ್ನ ಕರ್ಕೊಂಡು ಈ ಸೇತುವೆ ದಾಟಿ ಇವಳ ಊರಿಗೆ ಬೆಂಕಿ ಇಟ್ಟೆ. ಆಜ್ಞೆ ಇತ್ತು. ಆಜ್ಞೆ ಇಲ್ದಿದ್ರೂ ಇಡ್ತಿದ್ದೆನೋ ಏನೋ, ಆಗ ತಲೆ ಹಾಗಿತ್ತು. ಬರಿ. ಅಲ್ಲಿ ನಿಂತಿರೋರಿಗೂ ಕೇಳ್ಲಿ."

ಬರೆದೆ. ನನ್ನ ಕಣ್ಣಿನಿಂದ ನೀರು ಹರಿದು ಕಾಗದದ ಮೇಲೆ ಬೀಳದಿರಲೆಂದು ತಲೆ ಹಿಂದಕ್ಕೆ ಹಿಡಿದು ಬರೆದೆ. ಹದಿಮೂರು ವರ್ಷ ನಾವು ಹೇಳಿದ್ದೆಲ್ಲ ಸುಳ್ಳು ಎಂದವರ ಬಾಯಿಂದ ಬಂದ ಮೊದಲ ಸಾಲು ಅದು. ಅದನ್ನು ಅಚ್ಚುಮಾಡಿದ್ದು ನನ್ನ ಬೆರಳು.

ಆಮೇಲೆ ಅವನು ಮೊದಲ ಕಾಂದೆಲಾರಿಯಾಳ ಕಥೆ ಹೇಳಿದ. ಮೂರು ವರ್ಷದ ಕೂಸು. ಸಣ್ಣ ಮಕ್ಕಳು ಸತ್ತರೆ ನಮ್ಮಲ್ಲಿ ಅಳುವುದಿಲ್ಲ, ದೇವದೂತರಾದರು ಎಂದು ಪಿಟೀಲು ಬಾರಿಸುತ್ತಾರೆ, ಶವಪೆಟ್ಟಿಗೆಯನ್ನು ಮಕ್ಕಳೇ ಹೊರುತ್ತಾರೆ. ಹೊತ್ತ ನಾಲ್ವರಲ್ಲಿ ಹತ್ತು ವರ್ಷದ ಬ್ರೌಲಿಯೊ ಒಬ್ಬ. "ಹಗುರ ಇತ್ತು," ಎಂದ. "ಮಾರನೇ ವರ್ಷ ಇವರ ಮನೇಲಿ ಜೋಳದ ತೆನೆ ಸುಲಿಯೋಕೆ ಕೂತಿದ್ವಿ, ಎರಡೂ ಊರಿನೋರು. ಉರ್ಸುಲಮ್ಮ ನಡುವೆ ಎದ್ದು ಒಳಗೆ ಹೋದ್ರು. ನಾವು ಒಂದು ರಾಶಿ ಮುಗಿಸೋದ್ರೊಳಗೆ ಇವಳ ಕೂಗು ಕೇಳಿಸ್ತು. ಎಂಥ ಕೂಗು ಅಂತೀರಿ. ಇವತ್ತಿಗೂ ಅದೇ ಗಂಟಲು. ಸಾಂತಾ ಕಾತಾಲಿನಾ ದಿನ, ನವೆಂಬರ್ ಇಪ್ಪತ್ತೈದು, ಇಪ್ಪತ್ತೇಳನೇ ಇಸವಿ."

ನಿನ್ಯಾ ಕಾಂದೆ ಅಂದು ಮೊದಲ ಸಲ ಬಾಯಿಬಿಟ್ಟಳು. "ಹಾಗಾದ್ರೆ ನಾನು ಕಾತಾಲಿನಾ ಆಗ್ಬೇಕಿತ್ತು."

"ಆಗ್ಬೇಕಿತ್ತು. ನಿಮ್ಮಪ್ಪ ಸತ್ತೋಳ ಹೆಸರೇ ಬೇಕು ಅಂದ."

"ಅರವತ್ತಾರು ವರ್ಷ ಫೆಬ್ರವರೀಲಿ ಹುಟ್ಟುಹಬ್ಬ ಅಂತ ತಮಾಲೆ ಕಡುಬು ಬೇಯಿಸಿ ಊರಿಗೆಲ್ಲ ಹಂಚ್ದೆ," ಎಂದಳು. ದಡದಲ್ಲಿ ಯಾರೋ ನಕ್ಕರು. ಅವಳು ನಗಲಿಲ್ಲ. ಊರಿನವರೆಲ್ಲರ ಹುಟ್ಟನ್ನು ಹೆಸರಿನಿಂದಲೇ ಓದಿದವಳಿಗೆ ತನ್ನ ಹೆಸರೇ ಸುಳ್ಳು ಎಂದು ಎಲ್ಲರ ಮುಂದೆ ಒಪ್ಪಿಕೊಳ್ಳುವುದು ಸಣ್ಣ ಮಾತಲ್ಲ. ಆದರೂ ಒಪ್ಪಿಕೊಂಡಳು. "ಅವನು ಹೇಳಿದ ತಾರೀಕೇ ಹಾಕು ಸಾಂತೊಸ್. ನಾಲ್ಕು ವರ್ಷ ಚಿಕ್ಕೋಳಾದೆ, ಅಷ್ಟಾದ್ರೂ ಲಾಭ."

ಹೇಳಿಕೆ ಮುಗಿಯಿತು ಎಂದು ನಾನು ಕಾಗದ ಎಳೆಯಲು ಹೋದೆ. ಬ್ರೌಲಿಯೊ ಕೈ ಎತ್ತಿದ.

"ಇನ್ನೊಂದಿದೆ. ಇದು ಬರೀಬೇಡ. ಎಂಬತ್ಮೂರರಲ್ಲಿ ನನ್ನ ಮಗಳು ಚಾಬೆಲಾಗೆ ಹೆರಿಗೆ ನೋವು ಬಂತು. ಎರಡು ದಿನ. ಸೂಲಗಿತ್ತಿ ಈ ಸುತ್ತಲ್ಲೆಲ್ಲ ಇದ್ದದ್ದು ಇವಳೊಬ್ಬಳೇ. ಇವಳನ್ನ ಓಡ್ಸಿದ್ದು ನಾನು. ಆ ದಡದಲ್ಲಿ ಬಂದು ನಿಂತಿದ್ದೆ ಕಾಂದೆ. ಸುಟ್ಟ ಮನೆಗಳನ್ನ ನೋಡ್ತಾ ನಿಂತಿದ್ದೆ. ಕರೆಯೋಕೆ ಯಾರಿದ್ರು ಅಲ್ಲಿ?"

ನಿನ್ಯಾ ಕಾಂದೆ ತಿರುಗಿ ಅವನನ್ನು ನೇರ ನೋಡಿದಳು. "ಮಗು ಹೇಗೆ ಬರ್ತಿತ್ತು?"

"ಕಾಲು ಮುಂದು. ತಾಯಿ ಮಗು ಇಬ್ಬರೂ ಉಳೀಲಿಲ್ಲ."

ಅವಳು ಹಲಗೆಗಳ ಸಂದಿನಿಂದ ಹೊಳೆಯನ್ನು ನೋಡಿದಳು. ನನಗೆ ಗೊತ್ತಿತ್ತು, ಕಾಲು ಮುಂದಾದ ಮಗುವನ್ನು ಅವಳು ತಿರುಗಿಸಬಲ್ಲಳು, ನನ್ನ ತಮ್ಮನನ್ನೇ ತಿರುಗಿಸಿದ್ದಳು. ಬ್ರೌಲಿಯೊಗೂ ಗೊತ್ತಿತ್ತು. ಎಂಬತ್ತಕ್ಕೆ ಮುಂಚೆ ಪೊರ್ತಿಯೊದ ಮಕ್ಕಳನ್ನೂ ಹಿಡಿದವಳು ಅವಳೇ, ಚಾಬೆಲಾಳನ್ನೂ.

"ಹೇಳಿ ಕಳಿಸ್ಬೇಕಿತ್ತು," ಎಂದಳು.

"ಯಾರ ಕೈಲಿ? ಗಡಿಯಾಚೆಗೆ? ನಾನು?"

"ಯಾರ ಕೈಲಾದ್ರೂ. ಮನೆ ಸುಟ್ಟಿದ್ದನ್ನ ನಾನು ಸಾಯೋ ತನಕ ಮರೆಯಲ್ಲ ಬ್ರೌಲಿಯೊ. ಎದುರಿಗೇ ಹೇಳ್ತಿದ್ದೀನಿ. ಆದ್ರೂ ಬರ್ತಿದ್ದೆ."

ಅವಳು ಬರುತ್ತಿದ್ದಳು. ಸೈನ್ಯವನ್ನು ದಾಟಿ, ಬೈಯುತ್ತ ಬೈಯುತ್ತ ಬರುತ್ತಿದ್ದಳು. ಅದು ಬಾಯಿಮಾತಲ್ಲ ಎಂದು ಆ ಸೇತುವೆಯ ಮೇಲೆ ಕುಳಿತಿದ್ದ ಎಲ್ಲರಿಗೂ ಗೊತ್ತಿತ್ತು. ಅಂಥವಳ ಕೈಯಲ್ಲಿ ಹುಟ್ಟಿದವಳು ನಾನು ಎಂದು ನನಗೆ ಅಂದು ಬಂದ ಹೆಮ್ಮೆ ಈಗಲೂ ಇಳಿದಿಲ್ಲ. ಬ್ರೌಲಿಯೊ ಟೋಪಿಯಿಂದ ಮುಖ ಮುಚ್ಚಿಕೊಂಡ. ವಕೀಲಮ್ಮ ಹಗ್ಗ ಬಿಟ್ಟು ಕೈ ಮಡಿಲಲ್ಲಿ ಇಟ್ಟುಕೊಂಡಿದ್ದಳು, ಭಯವನ್ನೇ ಮರೆತಿದ್ದಳು. ಅವನು ಸಹಿ ಹಾಕಿದ, ಇವಳು ಹೆಬ್ಬೆಟ್ಟು ಒತ್ತಿದಳು. ಅಪ್ಪಿಕೊಳ್ಳಲಿಲ್ಲ, ಕೈ ಕುಲುಕಲಿಲ್ಲ. ಬಂದ ಹಾಗೆಯೇ ಒಂದೇ ಹೊತ್ತಿಗೆ ಎದ್ದು ಎರಡು ಕಡೆಗೆ ನಡೆದರು.

ಕಡೆಯ ದಿನ, ಕಿಟಕಿ ಮುಚ್ಚುವ ಎರಡು ಗಂಟೆ ಮೊದಲು, ವಕೀಲಮ್ಮ ಆ ಹೇಳಿಕೆಯನ್ನು ಜಿಲ್ಲಾ ಕಚೇರಿಯ ಮೇಜಿನ ಮೇಲಿಟ್ಟಳು. ಟೈ ಕಟ್ಟಿದವನು ಎರಡು ಸಲ ಓದಿದನಂತೆ. "ಇವನು ತನ್ನ ಮೇಲೇ ಸಾಕ್ಷಿ ಹೇಳ್ಕೊಂಡಿದ್ದಾನಲ್ಲ," ಎಂದನಂತೆ. "ಹೌದು, ಹಾಗಾದ್ರೆ ಉಳಿದದ್ದೂ ನಿಜ ಇರ್ಬೇಕು," ಎಂದಳಂತೆ ಇವಳು. ಅವನು ಮೊಹರು ಒತ್ತಿದ. ಮೊದಲು ಕಾಂದೆಲಾರಿಯಾ ಬದುಕಿದಳು, ಅವಳ ಹಿಂದೆ ನಾನೂರ ಹನ್ನೆರಡು ಜನ ಸಾಲಾಗಿ ಹುಟ್ಟಿದರು. ಆ ರಾತ್ರಿ ಊರಿನ ಹೆಂಗಸರು ವಕೀಲಮ್ಮನಿಗೆ ಕೊನೆಗೂ ಪುಪುಸಾ ಕೊಟ್ಟರು. ಒಂಬತ್ತು ತಿಂದಳು.

ಮಾರ್ಚಿನ ಆ ಭಾನುವಾರ ಪಟ್ಟಣದ ಶಾಲೆಯ ಅಂಗಳದಲ್ಲಿ ಸಾಲು ಬೀದಿಯ ತಿರುವಿನವರೆಗೂ ಇತ್ತು. ನಮ್ಮವರು, ಪೊರ್ತಿಯೊದವರು ಬೆರೆತು ನಿಂತಿದ್ದರು, ಬಿಸಿಲು ಎಲ್ಲರಿಗೂ ಒಂದೇ. ನನ್ನ ಹಿಂದೆ ಹತ್ತು ಜನರಾಚೆ ದೋನ್ ಬ್ರೌಲಿಯೊ. ಮೇಜಿನ ಹಿಂದೆ ಪಟ್ಟಿ ಹಿಡಿದು ಕುಳಿತವನು ಅವನ ಪಕ್ಷದ ಹುಡುಗ, ಪೊರ್ತಿಯೊದವನು. ಪಕ್ಕದಲ್ಲಿ ನಮ್ಮ ಪ್ರತಿನಿಧಿ. ಇಬ್ಬರ ಹಿಂದೆ ನೀಲಿ ಟೋಪಿಯ ವಕೀಲಮ್ಮ, ಮಾತಾಡದೆ, ಬರೀ ನೋಡುತ್ತ.

"ಹೆಸರು?" ಎಂದ ಹುಡುಗ.

"ನಿನ್ನ ಹೊಕ್ಕುಳಬಳ್ಳಿ ಕತ್ತರಿಸಿದೋಳ ಹೆಸರು ಗೊತ್ತಿಲ್ವೇನೋ?"

"ಗೊತ್ತು ನಿನ್ಯಾ. ಆದ್ರೆ ಕೇಳ್ಬೇಕು ಅಂತ ನಿಯಮ. ಹುಟ್ಟಿದ ತಾರೀಕೂ ಹೇಳ್ಬೇಕು."

ಅವಳು ಬೆನ್ನು ನೆಟ್ಟಗೆ ಮಾಡಿದಳು. ಸುರುಟು ತೆಗೆದು ಮುಂಗಟ್ಟಿನ ಜೇಬಿಗೆ ಹಾಕಿದಳು. ಬೀದಿಯ ತಿರುವಿನಲ್ಲಿ ನಿಂತವರಿಗೂ ಕೇಳುವಂತೆ ಹೇಳಿದಳು: "ಕಾಂದೆಲಾರಿಯಾ ಅಲ್ವಾರೆಂಗಾ. ಎರಡನೇಳು. ನವೆಂಬರ್ ಇಪ್ಪತ್ತೈದು, ಸಾವಿರದ ಒಂಬೈನೂರ ಇಪ್ಪತ್ತೇಳು."

ಹುಡುಗ ಪಟ್ಟಿಯ ಮೇಲೆ ಬೆರಳು ಇಳಿಸಿದ. ಇತ್ತು. ಮತಪತ್ರ ಕೊಟ್ಟ. ಅವಳು ರಟ್ಟಿನ ಮರೆಯ ಹಿಂದೆ ಹೋದಳು.

ಹೋದವಳು ಬರಲಿಲ್ಲ. ಎರಡು ನಿಮಿಷ, ಐದು ನಿಮಿಷ. ರಟ್ಟಿನ ಕೆಳಗೆ ಅವಳ ಬೂಟು ಮಾತ್ರ ಕಾಣುತ್ತಿತ್ತು, ಅಲುಗಾಡುತ್ತಲೂ ಇರಲಿಲ್ಲ. ಸಾಲು ಗುಜುಗುಜು ಎಂದಿತು. ಹಿಂದಿನಿಂದ ತೆಲೆಸ್ಫೊರೊ ಕೂಗಿದ: "ನಿನ್ಯಾ ಕಾಂದೆ, ಒಳಗೇನು ಹೆರಿಗೆ ಮಾಡಿಸ್ತಿದ್ದೀರಾ?" ಎರಡು ಊರಿನವರೂ ನಕ್ಕರು.

ರಟ್ಟಿನ ಹಿಂದಿನಿಂದ ಅವಳ ದನಿ ಬಂತು, ನಮ್ಮನ್ನೆಲ್ಲ ಈ ಲೋಕಕ್ಕೆ ಬೈದು ಕರೆತಂದ ಅದೇ ದನಿ.

"ಅವಸರ ಮಾಡಿದ ಹೆರಿಗೆ ಯಾವತ್ತೂ ನೆಟ್ಟಗೆ ಆಗಿಲ್ಲ. ಇದಕ್ಕೆ ಹನ್ನೆರಡು ವರ್ಷ ನೋವು ತಿಂದಿದ್ದೀವಿ. ಬಾಯಿ ಮುಚ್ಕೊಂಡು ನಿಂತ್ಕೊಳ್ಳಿ."

ದೋನ್ ಬ್ರೌಲಿಯೊ ಟೋಪಿ ತೆಗೆದ. ನಾವೆಲ್ಲ ಬಾಯಿ ಮುಚ್ಚಿಕೊಂಡು ನಿಂತೆವು.